ಭಂಡಾರದ ಕೆಳಗಿನ ಬಣ್ಣ

ಬೀರಲಿಂಗಪ್ಪನ ಮುಖ ಯಾವ ಬಣ್ಣ ಎಂದು ಆ ಊರಿನಲ್ಲಿ ಯಾರನ್ನು ಕೇಳಿದರೂ ಹಳದಿ ಎಂದೇ ಹೇಳುತ್ತಿದ್ದರು. ಸುಳ್ಳಲ್ಲ. ಇಪ್ಪತ್ತೆರಡು ವರ್ಷಗಳಿಂದ ಅವನು ಬೀರಪ್ಪನ ಗುಡಿಯ ಪೂಜಾರಿ. ಬೆಳಕು ಹರಿಯುವ ಮೊದಲೇ ಸ್ನಾನ ಮಾಡಿ, ಮೈ ಆರುವುದರೊಳಗೆ ದೇವರ ಭಂಡಾರ ಹಚ್ಚಿಕೊಳ್ಳುತ್ತಿದ್ದ. ಬೇರೆ ಪೂಜಾರಿಗಳು ಆ ಅರಿಸಿನದ ಪುಡಿಯನ್ನು ಹಣೆಗಷ್ಟು ಬಳಿದುಕೊಂಡು ಸುಮ್ಮನಾಗುತ್ತಾರೆ. ಇವನು ಹಾಗಲ್ಲ. ಹಣೆ, ಕೆನ್ನೆ, ಮೂಗು, ಕಿವಿ, ಕುತ್ತಿಗೆ, ಬೆರಳ ತುದಿಯಿಂದ ಮೊಣಕೈವರೆಗೆ ಎರಡೂ ಕೈ, ಎಲ್ಲಕ್ಕೂ ಸಮನಾಗಿ ಸಿಗಬೇಕು. "ನನ್ನ ಗಂಡನ ಮಾರಿ ನಾ ಮದುವ್ಯಾಗ ಒಂದ್ಸಲ ನೋಡೀನಿ, ಆಗೂ ಅರಿಸಿನ ಹಚ್ಚಿದ್ರು" ಎಂದು ಅವನ ಹೆಂಡತಿ ಹಣಮಮ್ಮ ಹೇಳಿದರೆ ಗುಡಿಯ ಕಟ್ಟೆಯ ಮೇಲೆ ಕೂತವರೆಲ್ಲ ನಗುತ್ತಿದ್ದರು. ಆ ತಮಾಷೆಯಲ್ಲಿ ನಿಜ ಎಷ್ಟಿತ್ತು ಎಂದು ಗೊತ್ತಾದ ದಿನ ಹಣಮಮ್ಮನಿಗೇ ನಗು ಬರಲಿಲ್ಲ.

ತೆಲಂಗಾಣದ ಗಡಿಯಲ್ಲಿ, ಮಕ್ತಲದಿಂದ ನಾರಾಯಣಪೇಟೆಗೆ ಹೋಗುವ ದಾರಿಯಲ್ಲಿ ಬಸ್ಸು ನಿಂತೂ ನಿಲ್ಲದ ಹಾಗೆ ನಿಲ್ಲುವ ಊರು ಅದು. ಪೂಜೆ ಗಂಡನದು, ನಲವತ್ತು ಕುರಿ ಹೆಂಡತಿಯದು. ಹಾಗೆಂದು ಯಾರೂ ಪಾಲು ಮಾಡಿಕೊಟ್ಟಿರಲಿಲ್ಲ. ದೇವರ ಹಿಂದೆ ಬಿದ್ದವನಿಗೆ ಕುರಿಯ ಹಿಂದೆ ಬೀಳಲು ಪುರುಸೊತ್ತು ಎಲ್ಲಿಂದ ಬರಬೇಕು?

ಬೆಳ್ಳಿ ನೀರು ಆ ಮನೆಗೆ ಬಂದದ್ದು ಒಂದೂವರೆ ವರ್ಷದ ಹಿಂದೆ. ಬೀರಲಿಂಗಪ್ಪನಿಗೆ ಮೂರು ತಿಂಗಳಿನಿಂದ ಕೆಮ್ಮು. ದವಾಖಾನೆಯಲ್ಲಿ ಕಫ ನೋಡಿ, ಕ್ಷಯ ಅಲ್ಲ, ಬೀಡಿ ಬಿಡು ಎಂದಿದ್ದರು. ಅಷ್ಟು ದೂರ ಹೋಗಿ ಇಷ್ಟೇನಾ ಎಂದು ಅವನಿಗೆ ಬೇಜಾರಾಗಿತ್ತು. ಆಗ ಮಕ್ತಲದಲ್ಲಿ ಮೋಟಾರು ರಿಪೇರಿ ಮಾಡುವ ಶ್ರೀನು ತನ್ನ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಗಾಜಿನ ಜಾಡಿಯಲ್ಲಿ ನೀರು, ನೀರಿನಲ್ಲಿ ಎರಡು ಬೆಳ್ಳಿ ತುಂಡು, ಅವಕ್ಕೆ ವೈರು, ವೈರಿಗೆ ಬ್ಯಾಟರಿ. ಮೂರು ತಾಸು ಬಿಟ್ಟರೆ ಬೆಳ್ಳಿ ಕರಗಿ ನೀರಿಗೆ ಇಳಿಯುತ್ತದಂತೆ. ಅದನ್ನು ಕುಡಿದರೆ ಕೆಮ್ಮು, ಸಕ್ಕರೆ ಕಾಯಿಲೆ, ಹುಣ್ಣು, ಹೆಸರಿಲ್ಲದ ಜ್ವರ, ಎಲ್ಲ ಹೋಗುತ್ತದಂತೆ. ಶ್ರೀನು ಕೆಟ್ಟವನಲ್ಲ. ತಾನೂ ನಾಲ್ಕು ದಿನ ಕುಡಿದು ಐದನೆಯ ದಿನ ಮರೆತಿದ್ದ. ಬೀರಲಿಂಗಪ್ಪ ಮರೆಯುವವನಲ್ಲ. ಅವನ ಅಜ್ಜನ ಕಾಲದ ಎರಡು ನಿಜಾಮಶಾಹಿ ಬೆಳ್ಳಿ ರೂಪಾಯಿ ದೇವರ ಪೆಟ್ಟಿಗೆಯಲ್ಲಿದ್ದವು, ಚಾರ್ಮಿನಾರ್ ಅಚ್ಚಿನವು. ದೇವರ ಪೆಟ್ಟಿಗೆಯ ಬೆಳ್ಳಿ ಎಂದ ಮೇಲೆ ಕೇಳುವುದೇನಿದೆ? ಅವಕ್ಕೇ ವೈರು ಸಿಕ್ಕಿಸಿದ.

ಒಂದೂವರೆ ತಿಂಗಳಿಗೆ ಕೆಮ್ಮು ನಿಂತಿತು. ನಿಂತದ್ದು ನಿಜ. ಆಮೇಲೆ ಆ ಮನುಷ್ಯನನ್ನು ಹಿಡಿಯುವವರಿಲ್ಲ. ದಿನಕ್ಕೆ ಮೂರು ಲೋಟ ತಾನು ಕುಡಿಯುವುದಲ್ಲದೆ, ಬೀರಪ್ಪನ ವಾರವಾದ ಭಾನುವಾರ ಭಂಡಾರ ಹಚ್ಚಿಸಿಕೊಳ್ಳಲು ಬಂದವರಿಗೂ ಒಂದೊಂದು ಬಾಟಲಿ ತುಂಬಿಸಿ ಕೊಡುತ್ತಿದ್ದ, ಬಿಟ್ಟಿಯಾಗಿ. ಊರಿನವರು ಖಾಲಿ ಬಾಟಲಿ ಹಿಡಿದುಕೊಂಡೇ ದೇವರಿಗೆ ಬರುವುದು ವಾಡಿಕೆಯಾಯಿತು. ಹಣಮಮ್ಮ ಒಮ್ಮೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು, "ಕೀಲಿ ನೆಕ್ಕಿದಂಗ ಆಗತೈತಿ" ಎಂದು ಉಗುಳಿದ್ದಳು. ಅವಳು ಅದನ್ನು ನಂಬಿರಲೂ ಇಲ್ಲ, ಅಲ್ಲಗಳೆದಿರಲೂ ಇಲ್ಲ. ಗಂಡನ ಕೆಮ್ಮು ನಿಂತು ತನಗೆ ನಿದ್ದೆ ಬಂದಿತಲ್ಲ, ಅಷ್ಟು ಸಾಕಾಗಿತ್ತು.

ಶ್ರಾವಣದಲ್ಲಿ ಮಗಳು ಅಖಿಲಾ ಗದ್ವಾಲದಿಂದ ತವರಿಗೆ ಬಂದಳು. ಐದು ತಿಂಗಳ ಬಸುರಿ. ಏಳರಲ್ಲಿ ಕರೆತರುವುದು ಪದ್ಧತಿ. ಆದರೆ ಅತ್ತೆಯಿಲ್ಲದ ಮನೆ, ಅಳಿಯ ನರೇಂದರ್ ದಿನವಿಡೀ ಮಗ್ಗದ ಮೇಲೆ, ನೋಡಿಕೊಳ್ಳುವವರು ಯಾರು? ಮದುವೆಯಾಗಿ ಆರು ವರ್ಷಕ್ಕೆ ನಿಂತ ಗರ್ಭ ಇದು. ಅದಕ್ಕೂ ಮೊದಲಿನದು ಮೂರು ತಿಂಗಳಿಗೇ ಹೋಗಿತ್ತು. ಅಖಿಲಾಳಿಗೆ ಥೈರಾಯ್ಡ್ ತೊಂದರೆ ಇದೆ ಎಂದು ಆಗಲೇ ಗೊತ್ತಾದದ್ದು. ಅಂದಿನಿಂದ ಬೆಳಿಗ್ಗೆ ಎದ್ದು ಬರಿ ಹೊಟ್ಟೆಯಲ್ಲಿ ಒಂದು ಬಿಳಿ ಗುಳಿಗೆ, ಅರ್ಧ ತಾಸು ಬಿಟ್ಟು ಚಹಾ. ಈ ಸಲ ಏನೂ ಆಗಬಾರದು. ಹಣಮಮ್ಮ ಮಗಳನ್ನು ಒಂದು ಕೊಡ ನೀರು ಎತ್ತಲೂ ಬಿಡುತ್ತಿರಲಿಲ್ಲ.

ಅದೇ ತಿಂಗಳು ಮಳೆ ಹಿಡಿಯಿತು, ಮಳೆಯ ಹಿಂದೆಯೇ ಕುರಿಗಳಿಗೆ ನೀಲಿ ನಾಲಿಗೆ ರೋಗ ಬಂತು. ಕುರಿ ಸಾಕುವವರಿಗೆ ಅದರ ಹೆಸರು ಕೇಳಿದರೇ ಕೈಕಾಲು ತಣ್ಣಗಾಗುತ್ತವೆ. ಮೊದಲು ಜ್ವರ, ಆಮೇಲೆ ಬಾಯಿ ಊದಿ ಜೊಲ್ಲು, ಕೊನೆಗೆ ನಾಲಿಗೆ ನೀಲಿ. ಅವರ ಮನೆಯ ಹಿಂದಿನ ಓಣಿಯ ಮಾರೆಪ್ಪನ ಹಿಂಡಿನಲ್ಲಿ ಎಂಟು ದಿನದಲ್ಲಿ ಹನ್ನೊಂದು ಕುರಿ ಹೋದವು. ಹಣಮಮ್ಮ ದಿನಾ ಬೆಳಿಗ್ಗೆ ತನ್ನ ನಲವತ್ತು ಕುರಿಗಳ ಬಾಯಿಯನ್ನೂ ಒಂದೊಂದಾಗಿ ನೋಡತೊಡಗಿದಳು. ಹೆಬ್ಬೆರಳಿನಿಂದ ತುಟಿ ಮೇಲೆತ್ತಿ ಒಸಡು, ಆಮೇಲೆ ಕಣ್ಣಿನ ಕೆಳರೆಪ್ಪೆ ಬಿಡಿಸಿ ಒಳಗಿನ ಕೆಂಪು. ಅವಳ ಹಿಂಡಿಗೆ ರೋಗ ತಾಗಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಬೀರಲಿಂಗಪ್ಪ ದವಡೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತ.

"ಏ, ಈ ಹಲ್ಲು ಭಾಳ ಜಗ್ಗಾಕ ಹತ್ತೈತಿ. ಹುಳ ಬಿದ್ದೈತೇನು ನೋಡು."

"ಬಾಯಿ ತಗೀರಿ" ಎಂದು ಹಣಮಮ್ಮ ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಕುರಿಗಳನ್ನು ನೋಡಿ ಆಗಷ್ಟೇ ಕೈ ತೊಳೆದುಕೊಂಡು ಬಂದಿದ್ದಳು. ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಹೆಬ್ಬೆರಳು ತಾನಾಗಿ ಗಂಡನ ಮೇಲ್ದುಟಿಯನ್ನು ಎತ್ತಿತು.

ಒಸಡು ನೀಲಿಯಾಗಿತ್ತು. ಹಲ್ಲಿನ ಬುಡದ ಉದ್ದಕ್ಕೂ ಬೂದಿ ಬೆರೆತ ನೀಲಿ. ಹಣಮಮ್ಮ ತುಟಿ ಬಿಟ್ಟಳು. ಅವನ ಕೈ ಹಿಡಿದು, ಮುಳ್ಳು ಹುಡುಕುವವಳ ಹಾಗೆ ನಟಿಸುತ್ತಾ ಉಗುರಿನ ಮೇಲಿನ ಭಂಡಾರ ಒರೆಸಿ ನೋಡಿದಳು. ಉಗುರಿನ ಬುಡದ ಅರ್ಧಚಂದ್ರಗಳೂ ನೀಲಿ.

"ಏನೈತಿ?"

"ಏನಿಲ್ಲ. ಒಂದು ಹಲ್ಲು ತೂತು ಬಿದ್ದೈತಿ. ಲವಂಗ ಇಟ್ಕೊಳ್ರಿ."

ಅಷ್ಟು ಹೇಳಿ ಹಿತ್ತಿಲಿಗೆ ಹೋಗಿ, ಹಟ್ಟಿಯ ಗೋಡೆಗೆ ಒರಗಿ ನಿಂತಳು. ನಲವತ್ತು ವರ್ಷ ಕುರಿಯ ಬಾಯಿ ನೋಡಿದವಳಿಗೆ ಬೇರೆ ಏನು ಹೊಳೆಯಬೇಕು? ಗಂಡನಿಗೆ ಕುರಿಯ ರೋಗ ಹತ್ತಿದೆ ಎಂದೇ ಅವಳು ತಿಳಿದಳು. ಯಾರಿಗಾದರೂ ಹೇಳೋಣವೆಂದರೆ, ಪೂಜಾರಿಗೆ ನೀಲಿ ನಾಲಿಗೆ ಬಂದಿದೆ ಎಂದು ಊರಿಗೆ ಗೊತ್ತಾದರೆ ಅವನ ಕೈಯಿಂದ ಭಂಡಾರ ಯಾರು ಹಚ್ಚಿಸಿಕೊಳ್ಳುತ್ತಾರೆ? ಅವಳ ಹಿಂಡನ್ನು ಗುಡ್ಡದ ಹುಲ್ಲಿಗೆ ಯಾರು ಬಿಡುತ್ತಾರೆ? ಹಣಮಮ್ಮ ಬಾಯಿಗೆ ಬೀಗ ಹಾಕಿಕೊಂಡಳು. ತಾನು ಪೂರಾ ನಂಬದಿದ್ದ ಬೆಳ್ಳಿ ನೀರು ಈಗ ಅವಳಿಗೆ ನೆನಪಾಯಿತು. ಕೆಮ್ಮು ನಿಲ್ಲಿಸಿದ ನೀರು ಇದನ್ನೂ ನಿಲ್ಲಿಸಬಾರದೇಕೆ? ಅಂದಿನಿಂದ ಗಂಡನ ಮೂರು ಲೋಟ ಐದಾದವು. ಹೆಂಡತಿಗೂ ಕೊನೆಗೆ ನಂಬಿಕೆ ಬಂತಲ್ಲ ಎಂದು ಅವನಿಗೆ ಒಳಗೊಳಗೇ ಖುಷಿ.

ಅದೇ ಮನೆಯಲ್ಲಿ ಬಸುರಿ ಮಗಳಿದ್ದಾಳೆ. ರೋಗ ಅವಳಿಗೆ ಹತ್ತಿದರೆ? ಮರುದಿನ ಬೆಳಿಗ್ಗೆ ಹಣಮಮ್ಮ ಸಣ್ಣ ಲೋಟದಲ್ಲಿ ಬೆಳ್ಳಿ ನೀರು ಹಿಡಿದು ಅಖಿಲಾಳ ಮುಂದೆ ನಿಂತಳು.

"ಗುಳಿಗಿ ಇದರ ಜೋಡಿ ನುಂಗು."

"ಯವ್ವಾ, ನೀನs ಇದನ್ನ ಉಗುಳಿದಾಕಿ."

"ಆವಾಗ ಬುದ್ಧಿ ಇದ್ದಿಲ್ಲ. ಕುಡಿ, ನನ್ನ ಮಾತು ಕೇಳು."

ಅಖಿಲಾ ಮೂಗು ಹಿಡಿದುಕೊಂಡು ಕುಡಿದಳು. ಹೀಗೆ ದಿನವೂ ನಡೆಯಿತು, ಆರು ವಾರ.

ನಾರಾಯಣಪೇಟೆಯ ದವಾಖಾನೆಯಲ್ಲಿ ಬಸುರಿಯರನ್ನು ನೋಡುತ್ತಿದ್ದವಳು ಡಾಕ್ಟರ್ ಝಾನ್ಸಿ. ಅಲ್ಲಿಯವಳೇ ಆದ್ದರಿಂದ ಒಂದೇ ಉಸಿರಿನಲ್ಲಿ ಕನ್ನಡವನ್ನೂ ತೆಲುಗನ್ನೂ ಆಡುತ್ತಿದ್ದಳು. ಆರು ತಿಂಗಳು ತುಂಬಿದ ಮೇಲಿನ ರಕ್ತ ಪರೀಕ್ಷೆಯ ಕಾಗದವನ್ನು ಅವಳು ಎರಡು ಸಲ ಓದಿದಳು. ಗದ್ವಾಲದ ಹಳೆಯ ಕಾಗದವನ್ನು ಅದರ ಪಕ್ಕದಲ್ಲಿಟ್ಟು ಮೂರನೆಯ ಸಲ ಓದಿದಳು.

"ಅಖಿಲಾ, ಗದ್ವಾಲದಾಗ ಥೈರಾಯ್ಡ್ ಎರಡು ಚಿಲ್ಲರ ಇತ್ತು. ಈಗ ಹನ್ನೊಂದು ಆಗೈತಿ, ಇಷ್ಟು ಏರಬಾರದು. ಗುಳಿಗಿ ತಪ್ಪಿಸಿದೇನಮ್ಮ?"

"ಒಂದು ದಿನಾನೂ ಇಲ್ಲ ಮೇಡಂ" ಎಂದು ಅಖಿಲಾ ಚೀಲದಿಂದ ಖಾಲಿ ಪಟ್ಟಿಗಳನ್ನು ತೆಗೆದು ತೋರಿಸಿದಳು. ಡಾಕ್ಟರು ನೋಡಿದಳು. ಒಂದೂ ತಪ್ಪಿರಲಿಲ್ಲ.

"ಹಂಗಾದ್ರ ಏನರ ಜೋಡಿ ನುಂಗ್ತಿ? ಹಾಲು? ಚಹಾ?"

"ಬೆಳ್ಳಿ ನೀರಿನ ಜೋಡಿ."

ಡಾಕ್ಟರು ಪೆನ್ನು ಕೆಳಗಿಟ್ಟಳು. ಎಷ್ಟು ದಿನದಿಂದ, ಎಷ್ಟು, ಹೇಗೆ ಮಾಡುತ್ತೀರಿ ಎಂದು ಒಂದೊಂದೇ ಕೇಳಿ ಬರೆದುಕೊಂಡಳು. ಬೈಯಲಿಲ್ಲ. ಬೈದಿದ್ದರೆ ಮಗಳ ಪಕ್ಕದಲ್ಲಿ ಕೂತಿದ್ದ ಹಣಮಮ್ಮನಿಗೆ ಆಗಲೇ ಎದುರು ಮಾತಾಡಲು ಧೈರ್ಯ ಬರುತ್ತಿತ್ತೋ ಏನೋ.

"ಆ ಬೆಳ್ಳಿ ಹೊಟ್ಟ್ಯಾಗ ಈ ಗುಳಿಗೀನ ಮೈಗೆ ಹತ್ತಗೊಡಲ್ಲಮ್ಮ. ಗುಳಿಗಿ ನುಂಗಿದ್ರೂ ನುಂಗದಂಗs ಆಗತೈತಿ. ಇನ್ನೂ ಕೆಲವು ಔಷಧಕ್ಕೂ ಹಿಂಗ ಅಡ್ಡ ಬರತೈತಿ. ಇದರಿಂದನ ಏರೈತಿ ಅಂತ ನಾ ಆಣಿ ಮಾಡಂಗಿಲ್ಲ, ದಿನ ಹೋದಂಗ ಮೈಗೆ ಗುಳಿಗಿ ಹೆಚ್ಚು ಬೇಕಾಗೋದೂ ಐತಿ. ಆದ್ರ ಇವತ್ತಿನಿಂದ ಆ ನೀರು ಒಂದು ಹನಿ ಬ್ಯಾಡ."

"ಕೂಸಿಗೆ?" ಎಂದಳು ಅಖಿಲಾ. ಅವಳ ಎರಡೂ ಕೈ ಹೊಟ್ಟೆಯ ಮೇಲಿದ್ದವು.

"ಕೂಸಿನ ಎದೆ ಬಡಿತ ಚಲೋ ಐತಿ, ಬೆಳವಣಿಗಿ ಚಲೋ ಐತಿ. ಗುಳಿಗಿ ಸ್ವಲ್ಪ ಹೆಚ್ಚು ಮಾಡ್ತೀನಿ. ನಾಕು ವಾರಕ್ಕ ಮತ್ತ ರಕ್ತ ನೋಡೋಣು. ಅಲ್ಲೀತನಕ ಇಷ್ಟs ಹೇಳಾಕ ಬರತೈತಿ."

ನಾಲ್ಕು ವಾರ. ಹಣಮಮ್ಮ ಬೆರಳು ಮಡಿಸಿ ಎಣಿಸಿದಳು. ಆದರೂ ಸುಮ್ಮನೆ ಸೋಲಲು ಮನಸ್ಸಾಗಲಿಲ್ಲ. "ಅಲ್ರೀ ಡಾಕ್ಟ್ರವ್ವ, ನನ್ನ ಕೈ ಸುಟ್ಟಾಗ ಇದs ದವಾಖಾನ್ಯಾಗ ಬೆಳ್ಳಿ ಮುಲಾಮು ಅಂತ ಬೆಳ್ಳಗಿನದು ಹಚ್ಚಿದ್ರಿ. ಅದರಿಂದನ ಮಾಯ್ತು. ಆವಾಗ ಚಲೋ ಇದ್ದ ಬೆಳ್ಳಿ ಈಗ ಹೆಂಗ ಕೆಡ್ತು?"

"ಚಲೋ ಕೇಳಿದಿ. ಸುಟ್ಟ ಗಾಯಕ್ಕ ಅದು ಖರೇನ ಕೆಲಸ ಮಾಡತೈತಿ. ಗಾಯದ ಮ್ಯಾಲಿನ ಹುಳ ಸಾಯ್ತಾವ. ಆದ್ರ ಹಚ್ಚಿದ್ದು ಚರ್ಮಕ್ಕ, ಅದೂ ಅಳತಿ ನೋಡಿ, ಹತ್ತು ದಿನ. ನೀವು ಒಳಗ ಕುಡಿಯಾಕ ಹತ್ತೀರಿ, ಅಳತಿ ಇಲ್ಲ, ದಿನದ ಲೆಕ್ಕ ಇಲ್ಲ. ನಮ್ಮ ಮೈಗೆ ಬೆಳ್ಳಿಯಿಂದ ಆಗೋ ಕೆಲಸ ಒಂದೂ ಇಲ್ಲಮ್ಮ. ಕುಡಿದಿದ್ದು ಪೂರಾ ಹೊರಗ ಹೋಗಲ್ಲ. ವರ್ಷಗಟ್ಟಲೆ ಕುಡಿದ್ರ ಚರ್ಮದಾಗ ಕೂಡತೈತಿ. ಬಿಸಿಲು ಬಿದ್ದಂಗ ನೀಲಿ ಆಗತೈತಿ. ಮೊದಲು ಒಸಡು, ಉಗುರು, ಆಮ್ಯಾಲ ಮುಖ."

ಹಣಮಮ್ಮ ಎದ್ದು ನಿಂತಳು. ಯಾಕೆ ಎದ್ದೆ ಎಂದು ಅವಳಿಗೇ ಗೊತ್ತಾಗಲಿಲ್ಲ. ಮತ್ತೆ ಕೂತು, ಆರು ವಾರ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನೆಲ್ಲ ಹೇಳಿಬಿಟ್ಟಳು. ಗಂಡನ ಒಸಡು ನೋಡಿದ್ದು, ಕುರಿಯ ರೋಗ ಎಂದುಕೊಂಡದ್ದು, ಮೂರು ಲೋಟ ಐದು ಮಾಡಿದ್ದು, ಮಗಳಿಗೂ ಕುಡಿಸಿದ್ದು. ಅಖಿಲಾ ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಕುರಿಯ ನೀಲಿ ನಾಲಿಗಿ ಮನುಷ್ಯಾರಿಗೆ ಬರಲ್ಲಮ್ಮ" ಎಂದಳು ಡಾಕ್ಟರ್ ಝಾನ್ಸಿ ಮೆಲ್ಲಗೆ. "ನಿನ್ನ ಕಣ್ಣು ಸರಿಯಾಗೇ ನೋಡೈತಿ. ಹೆಸರು ಬ್ಯಾರೆ ಇಟ್ಟಿ. ಅವರನ್ನ ಕರಕೊಂಡು ಬಾ."

ಬಸ್ಸಿನಲ್ಲಿ ಅಖಿಲಾ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ಹಣಮಮ್ಮ ಮಗಳ ಸೆರಗಿನ ತುದಿಯನ್ನು ಹಿಡಿದುಕೊಂಡಿದ್ದಳು. ಬೇರೆ ಏನನ್ನು ಹಿಡಿದುಕೊಳ್ಳಲೂ ಅವಳಿಗೆ ಧೈರ್ಯವಿರಲಿಲ್ಲ. ಊರಿನ ನೀರಿನ ಟ್ಯಾಂಕು ಕಂಡ ಮೇಲೆ ಅಖಿಲಾ ಬಾಯಿ ಬಿಟ್ಟಳು.

"ಯವ್ವಾ, ನನ್ನನ್ನೂ ಕುರಿ ಜೋಡಿ ಸೇರಿಸಿಬಿಟ್ಟಿದ್ದೆಲ್ಲ."

ಮಗಳು ನಗಿಸಲು ಹೇಳಿದ್ದು ಅದು. ಹಣಮಮ್ಮ ನಗುವ ಬದಲು ಗಳಗಳ ಅತ್ತಳು, ಬಸ್ಸಿನವರೆಲ್ಲ ತಿರುಗಿ ನೋಡಿದರು.

ಮನೆಗೆ ಬಂದು ಗಂಡನ ಮುಂದೆ ವಿಷಯ ಇಟ್ಟರೆ ಅವನು ಒಂದೇ ಪಟ್ಟು ಹಿಡಿದ. "ನನ್ನ ಕೆಮ್ಮು ಹೋಗಿದ್ದು ಸುಳ್ಳೇನು?"

"ಸುಳ್ಳಲ್ಲ. ಆದ್ರ ಬೀಡಿ ಬಿಟ್ಟಿದ್ದು ಯಾವಾಗ, ನೆನಸ್ಕೊಳ್ರಿ."

ಬೀರಲಿಂಗಪ್ಪ ನೆನಪಿಸಿಕೊಂಡ. ದೇವರ ರೂಪಾಯಿಯ ನೀರು ಕುಡಿಯುವ ಬಾಯಲ್ಲಿ ಬೀಡಿ ಬೇಡ ಎಂದು ಜಾಡಿ ಇಟ್ಟ ಮೊದಲ ದಿನವೇ ಬಿಟ್ಟಿದ್ದ. ಅದನ್ನು ಊರಿಗೆಲ್ಲ ತಾನೇ ಹೆಮ್ಮೆಯಿಂದ ಹೇಳಿಕೊಂಡೂ ಇದ್ದ.

ಹಣಮಮ್ಮ ಮಾತು ಬೆಳೆಸಲಿಲ್ಲ. ಒಂದು ತಂಬಿಗೆ ಬಿಸಿನೀರು, ಸೀಗೆಪುಡಿ, ಒಂದು ಹಳೆಯ ಪಂಚೆಯ ತುಂಡು ತಂದು ಅಂಗಳದ ಬಿಸಿಲಿನಲ್ಲಿ ಅವನನ್ನು ಕೂರಿಸಿದಳು. ಹಣೆಯಿಂದ ಹಿಡಿದು ಒಂದೊಂದೇ ಕಡೆ ಒರೆಸುತ್ತಾ ಬಂದಳು. ಹಳದಿ ಹೋದ ಹಾಗೆ ಕೆಳಗಿನಿಂದ ಬೇರೆ ಬಣ್ಣ ಎದ್ದಿತು. ಅವರ ಮನೆಯ ಪಡಸಾಲೆಗೆ ಹಾಸಿದ ಶಾಬಾದ ಕಲ್ಲಿನ ಬೂದುನೀಲಿ ಬಣ್ಣ. ಇವನು ಕತ್ತಲಲ್ಲಿ ಸ್ನಾನ ಮಾಡಿ, ಕತ್ತಲಲ್ಲೇ ಭಂಡಾರ ಬಳಿದುಕೊಂಡು ಹೊರಗೆ ಬರುವವನು. ಒಂದೂವರೆ ವರ್ಷ ಈ ಮುಖದ ಎದುರಿಗೆ ಕೂತು ಉಂಡಿದ್ದೇನೆ, ಒಮ್ಮೆಯೂ ನೋಡಿಲ್ಲ ಎಂದು ಹಣಮಮ್ಮನಿಗೆ ಸಂಕಟವಾಯಿತು.

"ಅಂಗಿ ಎತ್ರಿ. ಕೈ ಹೊಟ್ಟಿ ಮ್ಯಾಲ ಇಟ್ಟು ನೋಡ್ರಿ" ಎಂದಳು.

ಬಿಸಿಲು ಕಾಣದ ಹೊಟ್ಟೆ ಹುಟ್ಟಿದಾಗಿನ ಗೋಧಿ ಬಣ್ಣದ್ದೇ. ಅದರ ಮೇಲಿಟ್ಟ ಕೈ ಬೇರೆ ಯಾರದೋ ಆಗಿತ್ತು. ಬೀರಲಿಂಗಪ್ಪ ಬಹಳ ಹೊತ್ತು ತನ್ನ ಕೈಯನ್ನೇ ನೋಡಿದ. ಅಖಿಲಾ ಕನ್ನಡಿ ತಂದುಕೊಡಲು ಹೋದರೆ ಬೇಡ ಎಂದ. ಆಮೇಲೆ, "ನನ್ನವ್ವ, ನಿನಗೂ ಕುಡಿಸಿದ್ವಲ್ಲೇ" ಎಂದು ಮಗಳ ಕಡೆ ತಿರುಗಿದ. ಬೇರೆ ಯಾವ ವಾದವೂ ಅವನನ್ನು ಅಲ್ಲಾಡಿಸಿರಲಿಲ್ಲ. ಮಗಳ ಹೊಟ್ಟೆಯನ್ನು ನೋಡಿ ಅವನ ಕಣ್ಣು ತುಂಬಿತು.

ಮರುದಿನ ಡಾಕ್ಟರ್ ಝಾನ್ಸಿ ತನ್ನ ಜೊತೆಯ ಚರ್ಮದ ಡಾಕ್ಟರಿಗೆ ಅವನನ್ನು ತೋರಿಸಿದಳು. ಅವರು ಉಗುರು ನೋಡಿ, ಒಸಡು ನೋಡಿ, ಹೌದು ಎಂದರು. ಹೋಗುವುದೇ? ಹೋಗುವುದಿಲ್ಲ. ನೀರು ಬಿಟ್ಟರೆ ಹೆಚ್ಚಾಗುವುದು ನಿಲ್ಲುತ್ತದೆ, ಇದ್ದದ್ದು ಇರುತ್ತದೆ. ಬಿಸಿಲಿಗೆ ಮೈ ಒಡ್ಡಬೇಡಿ ಎಂದಾಗ ಬೀರಲಿಂಗಪ್ಪನಿಗೆ ಆ ಸ್ಥಿತಿಯಲ್ಲೂ ನಗು ಬಂತು. ನಮ್ಮ ಕಡೆ ಬಿಸಿಲಿಗೆ ಮೈ ಒಡ್ಡದೆ ಇರಬೇಕೆಂದರೆ ಬಾವಿಯೊಳಗೇ ಇರಬೇಕು.

ಇನ್ನು ಉಳಿದದ್ದು ಊರು. ಮೂವತ್ತು ನಲವತ್ತು ಮನೆಯಲ್ಲಿ ಬೆಳ್ಳಿ ನೀರಿನ ಬಾಟಲಿಗಳಿದ್ದವು. ಮಾರೆಪ್ಪನಂತೂ ಸಕ್ಕರೆ ಕಾಯಿಲೆಯ ಗುಳಿಗೆಯನ್ನೇ ಬಿಟ್ಟು, ಕಾಲಿನ ಹುಣ್ಣಿಗೆ ಮೇಲೂ ಅದನ್ನೇ ಹಾಕಿ, ಒಳಗೂ ಅದನ್ನೇ ಕುಡಿಯುತ್ತಿದ್ದ.

"ಜಾಡಿ ಒಡೆದು ಹೋತು ಅಂದ್ರಾತು" ಎಂದ ಬೀರಲಿಂಗಪ್ಪ ಮೊದಲು. ಆಮೇಲೆ ತಾನೇ, "ಒಡೆದ್ರ ಹೊಸದು ತಂದು ಕೊಡ್ತಾರ" ಎಂದು ನಿಟ್ಟುಸಿರು ಬಿಟ್ಟ. ಆ ವಾರವೆಲ್ಲ ಅವನು ಸರಿಯಾಗಿ ಉಣ್ಣಲಿಲ್ಲ.

ಭಾನುವಾರ ಬೆಳಿಗ್ಗೆ ಪೂಜಾರಿ ಗುಡಿಗೆ ಬರಿ ಮುಖದಲ್ಲಿ ಬಂದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ದೇವರಿಗೆ ಭಂಡಾರ ಏರಿಸಿ, ತಾನು ಹಚ್ಚಿಕೊಳ್ಳದೆ ಕಟ್ಟೆಯ ಮೇಲೆ ನಿಂತ. ಬಾಟಲಿ ಹಿಡಿದು ಬಂದಿದ್ದ ಜನ ಕಟ್ಟೆಯ ಹತ್ತಿರಕ್ಕೆ ಸರಿದರು. ಹಣಮಮ್ಮ ಮಗಳ ಜೊತೆ ಬೇವಿನ ಮರದ ಕೆಳಗೆ ನಿಂತಿದ್ದಳು. ಅವನು ತಾನೇ ಹೇಳುತ್ತೇನೆ ಎಂದಿದ್ದ, ಅವಳು ಸರಿ ಎಂದಿದ್ದಳು.

"ನೋಡ್ರಪ್ಪ, ನನ್ನ ಮಾರಿ ನೋಡ್ರಿ" ಎಂದು ಅವನು ಶುರುಮಾಡಿದ. "ಈ ಬಣ್ಣ ಬೆಳ್ಳಿ ನೀರಿನಿಂದ..."

ಮುಗಿಸಲು ಎಲ್ಲಿ ಬಿಟ್ಟರು? ಮುಂದೆ ನಿಂತಿದ್ದ ಮುದುಕಿ ಉರುಕುಂದಮ್ಮ ಎರಡೂ ಕೈ ಎತ್ತಿ ಕೂಗಿಬಿಟ್ಟಳು. "ನೀಲಕಂಠ! ನಮ್ಮಪ್ಪ ಬೀರಪ್ಪ ಪೂಜಾರಿ ಮೈಮ್ಯಾಲ ನಿಂತಾನೋ!" ಕಟ್ಟೆಗೆ ಹಣೆ ಹಚ್ಚಿದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ನಾಲ್ಕು ಜನ. ಮಾರೆಪ್ಪ ಕುಂಟುತ್ತಾ ಮುಂದೆ ಬಂದು ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಯಾರೋ ಡೊಳ್ಳಿಗೆ ಕೈ ಹಾಕಿಯೂ ಆಯಿತು.

ಹಣಮಮ್ಮ ಗಂಡನ ಕಣ್ಣು ನೋಡಿದಳು. ಜೀವಮಾನವೆಲ್ಲ ತಾನು ಪೂಜೆ ಮಾಡಿದ ದೇವರು ನಿಜವಾಗಿಯೂ ತನ್ನ ಮೈಮೇಲೆ ಬಂದಿದ್ದರೆ ಎಂಬ ಆಸೆ ಆ ಕಣ್ಣಿನಲ್ಲಿ ಒಂದು ಗಳಿಗೆ ಸುಳಿಯಿತು. ಯಾರಿಗೆ ಇರುವುದಿಲ್ಲ ಆ ಆಸೆ? ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಕನಿಕರ ಬಂತು. ಆದರೆ ಈಗ ಸುಮ್ಮನಿದ್ದರೆ ನಾಳೆಯಿಂದ ಊರಿನ ಕೂಸುಕೂಸಿಗೂ ಬೆಳ್ಳಿ ನೀರು ಕುಡಿಸುತ್ತಾರೆ ಎಂದು ಅವಳಿಗೆ ಗೊತ್ತಾಯಿತು.

ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋಗಿ ಗಂಡನ ಪಕ್ಕ ನಿಂತಳು. ಆ ಕಟ್ಟೆಯ ಮೇಲೆ ಹೆಂಗಸರು ಹತ್ತುವ ಪದ್ಧತಿಯಿಲ್ಲ. ಹತ್ತಿದಳು.

"ದೇವರು ಬಂದಿಲ್ಲ, ಏನೂ ಬಂದಿಲ್ಲ. ಏಳ್ರಿ" ಎಂದಳು. "ಇವರ ಬಾಯಾಗಿನ ನೀಲಿ ಮೊದಲ ನೋಡಿದಾಕಿ ನಾನು. ಕುರಿ ರೋಗ ಅಂತ ತಿಳದೆ. ನೀವು ನಮ್ಮನ್ನ ದೂರ ಇಡ್ತೀರಿ ಅಂತ ಅಂಜಿ ಮುಚ್ಚಿಟ್ಟೆ. ಮುಚ್ಚಿಟ್ಟು ಇನ್ನೂ ಎರಡು ಲೋಟ ಹೆಚ್ಚು ಕುಡಿಸ್ದೆ. ನನ್ನ ಮಗಳು ಅಲ್ಲಿ ನಿಂತಾಳ, ನೋಡ್ರಿ. ಆರು ವರ್ಷಕ್ಕ ನಿಂತ ಬಸುರು. ಆಕಿಗೂ ನಾನs ಈ ಕೈಯಾಗ ಕುಡಿಸ್ದೆ. ಆಕಿ ನುಂಗೋ ಗುಳಿಗಿ ಮೈಗೆ ಹತ್ತಲಿಲ್ಲ. ಈಗ ಕೂಸು ಹೆಂಗ ಐತೋ ಅಂತ ದಿನಾ ಎಣಿಸ್ಕೋತ ಕುಂತೀನಿ. ದೇವರ ಬಣ್ಣ ಅಂತೀರೆಲ್ಲ, ದೇವರು ಬಸುರಿ ಹೆಣ್ಮಗಳ ಗುಳಿಗಿ ಕಸಗೊಂತಾನೇನು?"

ಉರುಕುಂದಮ್ಮ ಎದ್ದು ನಿಂತು ಅಖಿಲಾಳ ಹೊಟ್ಟೆಯ ಕಡೆ ನೋಡಿದಳು. ಡೊಳ್ಳಿನವನು ಕೈ ಹಿಂದಕ್ಕೆ ತೆಗೆದುಕೊಂಡ.

"ಮಾರೆಪ್ಪಣ್ಣ, ಕಾಲಿನ ಬಟ್ಟಿ ಬಿಚ್ಚು" ಎಂದಳು ಹಣಮಮ್ಮ.

"ಮಾಯಾಕ ಹತ್ತೈತಿ ಬಿಡವ್ವ."

"ಮಾಯಾಕ ಹತ್ತಿದ್ರ ತೋರಿಸಾಕ ಏನು? ಬಿಚ್ಚು."

ಮಾರೆಪ್ಪ ಕಟ್ಟೆಯ ಅಂಚಿಗೆ ಕೂತು ಬಟ್ಟೆ ಬಿಚ್ಚಿದ. ಪಕ್ಕದಲ್ಲಿದ್ದವರು ಮೂಗಿಗೆ ಬಟ್ಟೆ ಹಿಡಿದು ಹಿಂದೆ ಸರಿದರು. ಹೆಬ್ಬೆರಳು ಕಪ್ಪಾಗಿತ್ತು. ಅಷ್ಟರವರೆಗೆ ಕಂಬದ ಹಾಗೆ ನಿಂತಿದ್ದ ಬೀರಲಿಂಗಪ್ಪ ಆಗ ಮೆಟ್ಟಿಲಿಳಿದು ಬಂದು ಮಾರೆಪ್ಪನ ಕಾಲ ಬಳಿ ಕೂತ. ತನ್ನ ನೀಲಿ ಕೈಯಲ್ಲಿ ಆ ಪಾದವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ಇದನ್ನ ನಾ ಮಾಡಿದ್ದು. ನನ್ನ ಕೆಮ್ಮು ಹೋಗಿದ್ದು ಬೀಡಿ ಬಿಟ್ಟಿದ್ದಕ್ಕ ಇರಬೇಕು, ನಾ ಅದನ್ನ ಬೆಳ್ಳಿ ತಲಿಗೆ ಕಟ್ಟಿ ನಿಮಗ ಹಂಚಿದೆ" ಎಂದ, ಎಲ್ಲರಿಗೂ ಕೇಳುವಂತೆ. ಆಮೇಲೆ ಮಾರೆಪ್ಪನಿಗೆ, "ನಡಿ, ಆಟೋ ಕರೀತೀನಿ. ನಾಳಿ ಅಲ್ಲ, ಈಗs ದವಾಖಾನಿಗೆ" ಎಂದ. ಅವರು ಹೋದ ಮೇಲೆ ಹಣಮಮ್ಮ ಕಟ್ಟೆಯ ಮೇಲೆ ಒಬ್ಬಳೇ ಉಳಿದಳು. ಜನ ಒಬ್ಬೊಬ್ಬರಾಗಿ ಬಂದು ತಮ್ಮ ಬಾಟಲಿಗಳನ್ನು ಬೇವಿನ ಮರದ ಬುಡದಲ್ಲಿ ಇಟ್ಟು ಹೋದರು. ಎಲ್ಲರೂ ಇಟ್ಟರು ಎಂದು ಹೇಳಿದರೆ ಸುಳ್ಳಾಗುತ್ತದೆ. ಐದಾರು ಜನ ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಒಯ್ದರು.

ಮಾರೆಪ್ಪನ ಹೆಬ್ಬೆರಳು ಉಳಿಯಲಿಲ್ಲ, ಕಾಲು ಉಳಿಯಿತು. ದೇವರ ಪೆಟ್ಟಿಗೆಗೆ ಎರಡು ರೂಪಾಯಿ ವಾಪಸು ಹೋದವು. ಎರಡೂ ಕರ್ರಗಾಗಿ, ಒಂದರ ಮೇಲಿನ ಚಾರ್ಮಿನಾರ್ ಅರ್ಧ ಸವೆದಿತ್ತು.

ನಾಲ್ಕು ವಾರ ಕಳೆದು ರಕ್ತ ಪರೀಕ್ಷೆಯ ದಿನ ಮೂವರೂ ನಾರಾಯಣಪೇಟೆಗೆ ಹೋದರು. ಬೀರಲಿಂಗಪ್ಪ ಒಳಗೆ ಬರಲಿಲ್ಲ. ಈಗ ಅವನು ಭಂಡಾರವನ್ನು ಹಣೆಗಷ್ಟೇ ಹಚ್ಚಿಕೊಳ್ಳುತ್ತಿದ್ದ. ತಲೆಯ ಮೇಲೆ ಕಂಬಳಿ ಹೊದ್ದು ದವಾಖಾನೆಯ ಕಾಂಪೌಂಡಿನ ಗೋಡೆಯ ನೆರಳಿನಲ್ಲಿ ಕೂತ. ಹೋಗಿ ಬರುವವರು ಅವನ ಮುಖವನ್ನು ನೋಡಿ, ಮುಂದೆ ಹೋಗಿ, ಮತ್ತೆ ತಿರುಗಿ ನೋಡುತ್ತಿದ್ದರು.

ಡಾಕ್ಟರ್ ಝಾನ್ಸಿ ಕಾಗದ ನೋಡಿದಳು. ಹಣಮಮ್ಮ ಕಾಗದವನ್ನು ನೋಡದೆ ಡಾಕ್ಟರ ಹುಬ್ಬನ್ನೇ ನೋಡುತ್ತಿದ್ದಳು.

"ಎರಡೂವರಿ" ಎಂದಳು ಡಾಕ್ಟರು. "ಗುಳಿಗಿ ಹೆಚ್ಚು ಮಾಡಿದ್ದಕ್ಕೋ, ನೀರು ಬಿಟ್ಟಿದ್ದಕ್ಕೋ, ಎರಡಕ್ಕೂ ಇರಬಹುದು. ಕೂಸು ಚಲೋ ಐತಿ. ಹಿಂಗs ನಡೀಲಿ."

ಅಖಿಲಾ ತಾಯಿಯ ಕೈ ಹಿಡಿದುಕೊಂಡಳು. ಹಣಮಮ್ಮ ಆ ಕೈಯನ್ನು ಬಿಡಿಸಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದಳು. ಗೋಡೆಯ ನೆರಳಿನಲ್ಲಿ ಕೂತವನು ಹೆಂಡತಿ ಓಡಿಬರುವುದನ್ನು ಕಂಡು ಹೆದರಿ ಎದ್ದು ನಿಂತ.

"ಇಳಿದೈತ್ರೀ! ಕೂಸು ಚಲೋ ಐತಂತ!"

ಬೀರಲಿಂಗಪ್ಪ ನಕ್ಕ. ಬಾಯಿ ತುಂಬ, ಎರಡೂ ತುಟಿ ಬಿರಿದು ನಕ್ಕ. ಮೇಲಿನ ಒಸಡು ಉದ್ದಕ್ಕೂ ಕಾಣಿಸಿತು, ನೀಲಿ ಹಾಗೆಯೇ ಇತ್ತು. ಇನ್ನು ಮೊಮ್ಮಗು ಈ ಮುಖವನ್ನೇ ತಾತನ ಮುಖ ಎಂದು ಗುರುತಿಸಿ ಬೆಳೆಯುತ್ತದೆ, ಅದಕ್ಕೆ ಬೇರೆ ಮುಖ ಗೊತ್ತಿರುವುದಿಲ್ಲ ಎಂದುಕೊಂಡಾಗ ಹಣಮಮ್ಮನಿಗೆ ಅಳುವೂ ಬಂತು, ನಗುವೂ ಬಂತು. ಜಾರಿದ್ದ ಕಂಬಳಿಯನ್ನು ಅವನ ಹಣೆಯವರೆಗೆ ಎಳೆದು, "ಬಿಸಿಲಿಗೆ ಬರಬ್ಯಾಡ್ರಿ" ಎಂದು ಗದರಿಸಿ, ಚಪ್ಪಲಿ ತರಲು ಒಳಗೆ ಹೋದಳು.